ನಮ್ಮ ಟ್ಯಾಂಕಿನ ನಾಡಿಪರೀಕ್ಷೆ

ಅತ್ತೆಯವರ ಸ್ನಾನಕ್ಕೆ ನಾನು ಆರು ನಿಮಿಷದ ಮಿತಿ ಹಾಕಿದ್ದು ತಪ್ಪು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಬೇರೆ ದಾರಿ ಕಾಣಲಿಲ್ಲ. ಹೊಸ ಮನೆಗೆ ಬಂದು ಎಂಟು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಒಂದು ಗಂಟೆ ಮೋಟಾರು ಓಡಿದರೂ ತಿಂಡಿಯ ಹೊತ್ತಿಗೆ ತಾರಸಿಯ ಟ್ಯಾಂಕು ಬರಿದು. ಅತ್ತೆ ನಮ್ಮಲ್ಲಿಗೆ ಬಂದದ್ದೂ ಎಂಟು ತಿಂಗಳ ಹಿಂದೆಯೇ. (ವಿಜ್ಞಾನ ಓದಿದವನಿಗೆ ಇಷ್ಟು ಸಾಕ್ಷ್ಯ ಸಾಲದೆ?)

ನನ್ನ ಉದ್ಯೋಗ ಕಮಿಷನಿಂಗ್. ಅಂದರೆ ಕಮಿಷನ್ ಹೊಡೆಯುವುದಲ್ಲ (ಮಾವನವರು ಕೊನೆಯವರೆಗೂ ಹಾಗೇ ನಂಬಿದ್ದರು). ದೊಡ್ಡ ಕಟ್ಟಡವೊಂದು ಎದ್ದು ನಿಂತ ಮೇಲೆ, ಮಾಲೀಕರ ಕೈಗೆ ಒಪ್ಪಿಸುವ ಮೊದಲು, ಪಂಪು, ಫ್ಯಾನು, ಲಿಫ್ಟು ಎಲ್ಲವೂ ಹೇಳಿದ ಮಾತು ಕೇಳುತ್ತವೆಯೇ ಎಂದು ಒಂದೊಂದಾಗಿ ಓಡಿಸಿ ನೋಡಿ ಷರಾ ಬರೆಯುವುದು. ಇಪ್ಪತ್ತು ಅಂತಸ್ತಿನ ಆಸ್ಪತ್ರೆಯನ್ನು ಮೂರು ವಾರ ಬಾಗಿಲು ತೆರೆಯಗೊಡದೆ ನಿಲ್ಲಿಸಿದವನು ನಾನು.

"ಊರ ಕಟ್ಟಡಗಳನ್ನೆಲ್ಲ ನೋಡ್ತೀರಿ, ನಮ್ಮನೆ ನಲ್ಲಿ ನೋಡೋಕೆ ಪುರುಸೊತ್ತಿಲ್ಲ" ಎಂದಳು ಹೆಂಡತಿ.

"ದೋಷ ನಲ್ಲಿಯಲ್ಲಿಲ್ಲ. ನಲ್ಲಿ ಕೆಳಗೆ ಕೂತವರಲ್ಲಿದೆ" ಎಂದೆ.

ಬಚ್ಚಲಲ್ಲಿದ್ದ ಅತ್ತೆಗೆ ಅದು ಕೇಳಿಸಿತು. ಮೂವತ್ತೈದು ವರ್ಷ ನರ್ಸಾಗಿದ್ದವರು. ವಾರ್ಡಿನ ಆ ತುದಿಯ ನರಳಾಟವನ್ನು ಈ ತುದಿಯಲ್ಲಿ ಕೇಳಿಸಿಕೊಂಡ ಕಿವಿ ಅದು. ಹತ್ತೇ ನಿಮಿಷದಲ್ಲಿ ಸೂಟ್‌ಕೇಸು ಹಜಾರಕ್ಕೆ ಬಂತು.

"ನಾನು ಚಿಕ್ಕವಳ ಮನೆಗೆ ಹೋಗ್ತೀನಿ. ಅಲ್ಲಿ ಗಡಿಯಾರ ನೋಡ್ಕೊಂಡು ಮೈ ತೊಳ್ಕೋಬೇಕಾಗಿಲ್ಲ."

"ಅಮ್ಮ ಹೊಸಿಲು ದಾಟಿದ್ರೆ ಅವರ ಹಿಂದೇನೇ ನಾನೂ" ಎಂದಳು ಹೆಂಡತಿ. ಕೂಗಿದ್ದರೆ ಹೆದರುತ್ತಿರಲಿಲ್ಲ, ಮೆಲ್ಲಗೆ ಹೇಳಿದಳು.

"ಅರ್ಧ ಗಂಟೆ ತಡೀರಿ ಅತ್ತೆ. ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡ್ತೀನಿ. ತಪ್ಪು ಯಾರದ್ದು ಅಂತ ಟ್ಯಾಂಕೇ ಹೇಳಲಿ."

ಎಲ್ಲ ನಲ್ಲಿಗಳನ್ನೂ ಮುಚ್ಚಿಸಿದೆ. ಹೆಂಡತಿಯನ್ನು ಮೋಟಾರಿನ ಸ್ವಿಚ್ಚಿನ ಬಳಿ ನಿಲ್ಲಿಸಿ, ಅಳತೆಕೋಲು ಹಿಡಿದು ತಾರಸಿ ಹತ್ತಿದೆ. ಮೋಟಾರು ಗುಡುಗಿತು. ಹತ್ತು ನಿಮಿಷವಾದರೂ ನೀರು ಏರಿದ್ದು ನಾಲ್ಕು ಬೆರಳು. ಯಾರೂ ಸ್ನಾನ ಮಾಡುತ್ತಿಲ್ಲ, ಆದರೂ ನಾಲ್ಕೇ ಬೆರಳು.

ಅಷ್ಟರಲ್ಲಿ ಪಕ್ಕದ ತಾರಸಿಯಿಂದ ಜಲಪಾತದ ಸದ್ದು. ನಮ್ಮ ಮನೆಯ ಅವಳಿ ಅದು, ಕಟ್ಟಿದ ಕಂಟ್ರಾಕ್ಟರನೂ ಒಬ್ಬನೇ. ಅಲ್ಲಿ ಹಲ್ಲಿನ ಡಾಕ್ಟರೊಬ್ಬರು ಒಂಟಿಯಾಗಿದ್ದಾರೆ. ಅವರ ಟ್ಯಾಂಕು ಉಕ್ಕಿ ಹರಿಯುತ್ತಿತ್ತು. ಅವರು ಗುಲಾಬಿ ಕುಂಡಗಳ ನಡುವೆ ನಿಂತಿದ್ದರು.

"ಡಾಕ್ಟ್ರೇ, ನಿಮ್ಮ ಮೋಟಾರು ನಿಲ್ಲಿಸಿ" ಎಂದೆ.

"ಯಾವ ಮೋಟಾರು? ಬಂದಾಗಿನಿಂದ ನಾನು ಮೋಟಾರು ಹಾಕೇ ಇಲ್ಲ. ಇಲ್ಲಿ ನೀರು ತಾನಾಗೇ ಬರುತ್ತೆ" ಎಂದರು, ಬಹಳ ತೃಪ್ತಿಯಿಂದ.

ನಾನು ದಡಬಡ ಇಳಿದು ಬಂದಾಗ ಅತ್ತೆ ಕಾಂಪೌಂಡಿನ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, ಪೈಪಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದ್ದರು. ಥೇಟ್ ರೋಗಿಯ ಮಣಿಕಟ್ಟು ಹಿಡಿದ ಹಾಗೆ.

"ಅಳಿಯಂದ್ರೇ, ನಮ್ಮ ಕಡೆ ಪೈಪಲ್ಲಿ ನಾಡಿ ಕ್ಷೀಣ. ಗೋಡೆಯಾಚೆ ಹೋಗೋದರಲ್ಲಿ ಜೋರಾಗಿದೆ. ಈ ಚಕ್ರ ಯಾಕೆ ತೆರೆದಿದೆ?"

ಬಳ್ಳಿಯ ಮರೆಯಲ್ಲಿ ಒಂದು ವಾಲ್ವು. ಕಟ್ಟುವಾಗ ಒಂದೇ ಮೋಟಾರಿನಿಂದ ಎರಡೂ ಮನೆಗೆ ನೀರು ಹಾಯಿಸಿ, ಆಮೇಲೆ ಮುಚ್ಚಲು ಮರೆತದ್ದು. ಎಂಟು ತಿಂಗಳು ನಾನು ಹಲ್ಲಿನ ಡಾಕ್ಟರ ಗುಲಾಬಿಗೆ ನೀರು ಹೊತ್ತಿದ್ದೆ. ಅತ್ತೆ ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿದರು. ಮೇಲೆ ನಮ್ಮ ಟ್ಯಾಂಕಿಗೆ ನೀರು ಧುಮುಕುವ ಸದ್ದು ಕೇಳಿಸಿತು.

"ಆ ಕಂಟ್ರಾಕ್ಟರನ್ನ ಸುಮ್ಮನೆ ಬಿಡಲ್ಲ" ಎಂದು ಗರ್ಜಿಸಿದೆ.

ಹೆಂಡತಿ ಒಳಗಿಂದ ಮನೆಯ ಕಾಗದಪತ್ರ ತಂದು ಓದಿದಳು: "‘ವಾಲ್ವುಗಳೆಲ್ಲವನ್ನೂ ಖುದ್ದಾಗಿ ಪರೀಕ್ಷಿಸಿ, ಸರಿಯಾಗಿವೆ ಎಂದು ಕಂಡು ಮನೆಯನ್ನು ವಹಿಸಿಕೊಂಡಿದ್ದೇನೆ.’ ಕೆಳಗಿನ ಸಹಿ ಯಾರದ್ದು ರೀ?"

ಬಾಲವಿದ್ದ ಆ ಸಹಿ ನನ್ನದೇ. ಅವತ್ತು ಸಾಮಾನಿನ ಲಾರಿ ಬಾಗಿಲಲ್ಲಿತ್ತು, ಅವಸರವಿತ್ತು, ಸ್ವಂತ ಮನೆ ತಾನೆ ಎಂಬ ಸದರವೂ ಇತ್ತು. ಟ್ಯಾಂಕಿಗೆ ನೀರೇರುತ್ತಿದ್ದಂತೆ ನನ್ನ ನೀರಿಳಿಯಿತು. ಸೂಟ್‌ಕೇಸನ್ನು ನಾನೇ ಹೊತ್ತು ಅತ್ತೆಯ ಕೋಣೆಯಲ್ಲಿಟ್ಟು, "ತಪ್ಪಾಯ್ತು ಅತ್ತೆ" ಎಂದೆ.

"ಚೀಟಿ ಓದದೆ ಔಷಧಿ ಕೊಡೋರನ್ನ ನಾನು ವಾರ್ಡಿನೊಳಕ್ಕೇ ಬಿಡ್ತಿರಲಿಲ್ಲ" ಎಂದಷ್ಟೇ ಹೇಳಿ ಅವರು ಬಚ್ಚಲಿಗೆ ಹೋದರು.

ಮರುದಿನ ಡಾಕ್ಟರು ಗೇಟಿನಲ್ಲಿ ನಿಂತಿದ್ದರು. "ನಲ್ಲೀಲಿ ನೀರಿಲ್ಲ. ಮೋಟಾರು ಹಾಕಿದ್ರೆ ಬರೀ ಗೊರಗೊರ ಅಂತಿದೆ."

ನಾನು ಉತ್ಸಾಹದಿಂದ ಸ್ಪ್ಯಾನರ್ ಪೆಟ್ಟಿಗೆ ಎತ್ತಿಕೊಂಡೆ. "ನಡೀರಿ, ಇದೇ ನನ್ನ ಉದ್ಯೋಗ."

ಡಾಕ್ಟರು ಸಂಕೋಚದಿಂದ ನನ್ನ ಭುಜದಾಚೆ ಇಣುಕಿದರು. "ನಿಮಗ್ಯಾಕೆ ತೊಂದರೆ. ನಿನ್ನೆ ಪೈಪಿನ ನಾಡಿ ನೋಡ್ತಿದ್ರಲ್ಲ, ಆ ಅಮ್ಮನವರು ಇದ್ದಾರಾ?"

ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. "ಪೆಟ್ಟಿಗೆ ಹಿಡ್ಕೊಂಡು ಹಿಂದೆ ಬನ್ನಿ ಅಳಿಯಂದ್ರೇ" ಎಂದರು.