ಎರಡು ದಿನದ ಬಾಡಿಗೆಗೆ ಬಂದ ಭಾವ

ನಮ್ಮ ಕುಟುಂಬದಲ್ಲಿ ಯಾರು ಯಾವ ಅರ್ಜಿ ತುಂಬಬೇಕಾದರೂ ಅದು ಸುತ್ತಿ ಬಳಸಿ ಕೊನೆಗೆ ನನ್ನ ಮುಂದೆ ಬಂದು ನಿಲ್ಲುತ್ತದೆ. ಕುಂದಾಪುರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನಿಗೆ ಭೂಮಿಯ ಮೇಲಿನ ಎಲ್ಲ ಅರ್ಜಿಗಳೂ ಅರ್ಥವಾಗುತ್ತವೆ ಎಂದು ಅವರ ನಂಬಿಕೆ. ರೇಷನ್ ಕಾರ್ಡು, ಗ್ಯಾಸು, ಆಧಾರಿನಲ್ಲಿ ತಪ್ಪಿದ ಹುಟ್ಟಿದ ತಾರೀಕು, ಎಲ್ಲ ಮಾಡಿದ್ದೇನೆ. ತೀರಿಕೊಂಡವರ ಮುಖ ತೋರಿಸಿಕೊಡಿ ಎಂಬ ಅರ್ಜಿ ಮಾತ್ರ ಅದುವರೆಗೆ ಬಂದಿರಲಿಲ್ಲ. ಹೋದ ವರ್ಷ ಅದೂ ಬಂತು.

ಕೋಟು

ಅರ್ಜಿದಾರಳು ನನ್ನ ಅಕ್ಕ. ಇರುವುದು ವಂಡ್ಸೆಯಲ್ಲಿ. ಭಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರು ಇಪ್ಪತ್ತು ವರ್ಷ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಚಾ ತಿಂಡಿ ಬಡಿಸುವ ಕೆಲಸ ಮಾಡಿ, ಆಮೇಲೆ ಊರಿಗೆ ಬಂದು ಪೇಟೆಯಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿದ್ದರು. ಫೋಟೋ ತೆಗೆಸಿಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ ಅವರಿಗೆ. ಇದ್ದದ್ದು ಗುರುತಿನ ಚೀಟಿಯ ಅಂಗುಲದಷ್ಟು ಫೋಟೋ ಒಂದೇ. ಅದನ್ನು ದೊಡ್ಡದು ಮಾಡಲು ಕೊಟ್ಟಾಗ ಸ್ಟುಡಿಯೊದವನು ಭಾವನ ಮುಖವನ್ನು ಬಿಳಿಚಿಸಿ, ಕೊರಳ ಕೆಳಗೆ ನೀಲಿ ಕೋಟು, ಕೆಂಪು ಟೈ ಅಂಟಿಸಿ ಕೊಟ್ಟ.

"ಇದೆಂತ ಮಾರಾಯ್ರೆ, ಅವರು ಜನ್ಮದಲ್ಲಿ ಕೋಟು ಹಾಕಿದವರಲ್ಲ" ಎಂದೆ.

"ತೀರಿಹೋದವ್ರಿಗೆಲ್ಲ ಹಾಕ್ತ್ರ್" ಎಂದ ಅವನು. ಸತ್ತವರಿಗೆಲ್ಲ ಒಂದೇ ಸಮವಸ್ತ್ರ ಎಂಬುದು ಆಗ ನನಗೆ ತಿಳಿಯಿತು.

ಅಕ್ಕ ಅದನ್ನೇ ಗೋಡೆಗೆ ಹಾಕಿ, ಮಾಲೆ ಹಾಕಿ, ದಿನಾ ದೀಪ ಇಟ್ಟಳು. ಹನ್ನೊಂದು ತಿಂಗಳು ಏನೂ ಹೇಳಲಿಲ್ಲ. ಒಂದು ದಿನ ನಾನು ಹೋದಾಗ ದೀಪದ ಬತ್ತಿ ಸರಿ ಮಾಡುತ್ತ ಹೇಳಿದಳು: "ತಮ್ಮಾ, ಈ ಜನ ಯಾರ್ ಅಂದೇಳಿ ನಂಗ್ ಗೊತ್ತಾತಿಲ್ಲೆ. ಯಾರೇ ಆಯ್ಲಿ, ಪಾಪ, ಒಂದ್ ದೀಪ ಇಟ್ರೆ ಎಂತ ಹೋತ್ತ್ ಅಂದ್ಕಂಡ್ ಇಡ್ತೆ."

ಮೂರು ಸೆಕೆಂಡು

ಭಾವನ ನಿಜವಾದ ಮುಖ ಇರುವ ಜಾಗ ಒಂದಿತ್ತು. ಒಂದು ಹಿಂದಿ ಸಿನಿಮಾ. ಹೆಸರು ಹೇಳುವುದಿಲ್ಲ, ಹೇಳುವಷ್ಟು ಒಳ್ಳೆಯ ಸಿನಿಮಾ ಅಲ್ಲ. ಭಾವ ಇದ್ದ ಹೋಟೆಲಿನಲ್ಲಿ ಅದರ ಶೂಟಿಂಗ್ ಆಗಿತ್ತು. ಮಾಣಿಯ ಪಾತ್ರಕ್ಕೆ ಕರೆತಂದವನು ಟ್ರೇ ಹಿಡಿದು ನಡೆಯಲಾರದೆ ಎರಡು ಸಲ ಗ್ಲಾಸು ಬೀಳಿಸಿದನಂತೆ. ಡೈರೆಕ್ಟರಿಗೆ ಸಿಟ್ಟು ಬಂದು, ಮೂಲೆಯಲ್ಲಿ ನಿಂತು ನೋಡುತ್ತಿದ್ದ ಭಾವನನ್ನೇ ನಡೆಸಿದರಂತೆ. ಹೀರೊ ಅಳುತ್ತಿರುವಾಗ ಹಿಂದಿನಿಂದ ಭಾವ ಟ್ರೇ ಹಿಡಿದು ಹೋಗುತ್ತಾರೆ. ಮೂರು ಸೆಕೆಂಡು. ಅಭಿನಯ ಕಲಿತವನಿಗೆ ಆಗದ್ದನ್ನು ತಾನು ಮಾಡಿದೆ ಎಂದು ಭಾವ ಒಂದು ದಿನವೂ ಜಂಬ ಪಡಲಿಲ್ಲ. "ಅದ್ ನನ್ನ ದಿನದ ಕೆಲ್ಸ ಅಲ್ದಾ" ಎನ್ನುತ್ತಿದ್ದರು.

ಅದರ ಹಳೇ ಸಿ.ಡಿ. ಮನೆಯಲ್ಲಿತ್ತು. ಅದರಲ್ಲಿ ಬಿಳಿ ಬಣ್ಣದ್ದೇನೋ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಭಾವನೂ ಆಗಿರಬಹುದು, ಪರದೆ ಗಾಳಿಗೆ ಹಾರಿದ್ದೂ ಆಗಿರಬಹುದು. ನೆಂಟರು ಬಂದಾಗಲೆಲ್ಲ ಅಕ್ಕ ಅದನ್ನು ಹಾಕಿ "ಅಕಾ, ಹ್ವಾದ್ರ್" ಎಂದು ಬೆರಳು ತೋರಿಸುತ್ತಿದ್ದಳು. ನಾವು ತಲೆಯಾಡಿಸುತ್ತಿದ್ದೆವು. ಈಗ ಸಿ.ಡಿ. ಕೆಟ್ಟು, ಅದೂ ಇಲ್ಲ.

"ವರ್ಷದ ಊಟ ಬಡ್ಸುಕ್ ಮುಂಚೆ ಒಂದ್ ಸಲ ಅವ್ರ ಮುಖ ಸಮಾ ಕಾಣ್ಕ್ ತಮ್ಮಾ. ಈಗ ಎಚ್‌ಡಿ ಅಂದೇಳಿ ಬತ್ತಂಬ್ರಲೆ, ರೋಮ ಸೈತ ಕಾಂತ್ತಂಬ್ರ್" ಎಂದಳು. ಟಿ.ವಿ. ದೊಡ್ಡದೇ ಇತ್ತು, ಬ್ರಹ್ಮಾವರಕ್ಕೆ ಮದುವೆಯಾಗಿ ಹೋದ ಅಕ್ಕನ ಮಗಳು ತಂದುಕೊಟ್ಟದ್ದು. ಇನ್ನು ಬೇಕಾದದ್ದು ಸಿನಿಮಾ ತೋರಿಸುವ ಚಂದಾ ಒಂದೇ. ವರ್ಷದ ದಿನಕ್ಕೆ ಎಂಟು ದಿನ ಉಳಿದಿತ್ತು.

ಯಾವ ಪ್ಯಾಕು

ನಾನು ಕುಳಿತು ಎಲ್ಲ ಕಂಪನಿಗಳ ಷರತ್ತುಗಳನ್ನೂ ಓದಿದೆ. ಅದನ್ನು ಓದಿದ ಮೊದಲ ಮನುಷ್ಯ ಬಹುಶಃ ನಾನೇ. ಮೊಬೈಲಿಗೆ ಒಂದು ಪ್ಯಾಕು, ಟಿ.ವಿ.ಗೆ ಒಂದು, ಸ್ಪಷ್ಟ ಚಿತ್ರಕ್ಕೆ ಒಂದು, ಅದಕ್ಕಿಂತ ಸ್ಪಷ್ಟಕ್ಕೆ ಇನ್ನೊಂದು. ನಮ್ಮ ಕಡೆ 'ಪಾಪದವರು' ಎನ್ನುವ ಬಡವರಿಗೆ ಎಲ್ಲವೂ ಸ್ವಲ್ಪ ಮಬ್ಬಾಗಿ ಕಾಣಬೇಕೆಂಬುದು ಈ ವ್ಯಾಪಾರದ ತತ್ವ ಎಂದು ನನಗೆ ಅರ್ಥವಾಯಿತು.

ಬಸ್ರೂರಿನ ಒಬ್ಬ ಗೆಳೆಯನಿಗೆ ಫೋನು ಮಾಡಿದೆ. "ಚಂದಾ ಎಂತಕ್ಕೆ? ನನ್ನ ಪಾಸ್‌ವರ್ಡ್ ತಕೋ" ಎಂದ. ಅದು ಅವನದ್ದೂ ಅಲ್ಲ, ಅವನ ಷಡ್ಡಕನದ್ದು. ಷಡ್ಡಕನಿಗೆ ಯಾರು ಕೊಟ್ಟದ್ದೆಂದು ಗೊತ್ತಿಲ್ಲ. ಅದನ್ನು ಹಾಕಿದ ಕೂಡಲೇ ಟಿ.ವಿ. "ಈಗ ಬಹಳ ಜನ ನೋಡುತ್ತಿದ್ದಾರೆ, ಯಾರಾದರೊಬ್ಬರು ನಿಲ್ಲಿಸಬೇಕು" ಎಂದಿತು. ಯಾರು ನಿಲ್ಲಿಸಿದರೋ, ಎಲ್ಲಿ ಯಾರ ಮನೆಯ ಸಿನಿಮಾ ಅರ್ಧಕ್ಕೆ ನಿಂತಿತೋ, ನನಗೆ ಬಾಗಿಲು ತೆರೆಯಿತು. ಒಳಗೆ ನಮ್ಮ ಸಿನಿಮಾ ಮಾತ್ರ ಇರಲಿಲ್ಲ.

ಸ್ವಂತದ್ದೊಂದು ಚಂದಾ ಮಾಡಿಸಿದೆ. ಅಲ್ಲಿ ಆ ಸಿನಿಮಾದ ಹಾಡುಗಳಿದ್ದವು, ಭಾವ ಹಾಡಿನಲ್ಲಿಲ್ಲ. ಎರಡನೆಯದು ಮಾಡಿಸಿದೆ. ಅಲ್ಲಿ ಸಿನಿಮಾ ಇತ್ತು, ಎಚ್‌ಡಿಯೂ ಇತ್ತು, ಮೇಲೊಂದು ಬೀಗದ ಗುರುತೂ ಇತ್ತು. ಸಹಾಯವಾಣಿಗೆ ಫೋನು ಮಾಡಿದೆ. ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು, "ಸರ್, ನಿಮಗೆ ಯಾವ ಥರದ್ದು ನೋಡುವುದಕ್ಕೆ ಇಷ್ಟ? ಆ್ಯಕ್ಷನ್ನಾ, ಕಾಮಿಡಿನಾ?"

"ನಮ್ಮ ಭಾವನನ್ನು ನೋಡಬೇಕಿತ್ತು."

"ಅವರು ಹೀರೊನಾ ಸರ್?"

"ಅಲ್ಲ. ಮೂರು ಸೆಕೆಂಡು ಚಾ ಹಿಡಿದುಕೊಂಡು ಹೋಗುತ್ತಾರೆ."

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು. ಆಮೇಲೆ ಅವಳೆಂದಳು: "ಅದಕ್ಕೆ ನಮ್ಮಲ್ಲಿ ಬೇರೆ ಪ್ಲಾನ್ ಇಲ್ಲ ಸರ್. ಪೂರ್ತಿ ಸಿನಿಮಾನೇ ಬಾಡಿಗೆಗೆ ತಗೋಬೇಕಾಗುತ್ತೆ."

ಪಾಪದ ಪ್ಯಾಕು

ಬಾಡಿಗೆಯ ಷರತ್ತು ಒಂದೇ ಸಾಲು. ನೋಡಲು ಶುರು ಮಾಡಿದ ಕ್ಷಣದಿಂದ ನಲವತ್ತೆಂಟು ಗಂಟೆ. ಆಮೇಲೆ ಸಿನಿಮಾ ತಾನಾಗಿ ಹೋಗುತ್ತದೆ. ನಡುವೆ ನಿಲ್ಲಿಸಿಟ್ಟರೂ ಗಂಟೆ ನಿಲ್ಲುವುದಿಲ್ಲ. ಅಕ್ಕನಿಗೆ ಇದನ್ನು ಹೇಳಲಿಲ್ಲ. ಮೂರು ಸೆಕೆಂಡಿನ ಕೆಲಸಕ್ಕೆ ಎರಡು ದಿನ ಧಾರಾಳವಾಯಿತೆಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಶುರು ಮಾಡಿದೆವು. ನಾನು, ಅಕ್ಕ, ಅಕ್ಕನ ಮಗಳು. ಹೀರೊ ಅಳಲು ಶುರು ಮಾಡಿದ. ಅಕ್ಕ ಮುಂದೆ ಬಾಗಿದಳು. ಭಾವ ಎಡಗಡೆಯಿಂದ ಬಂದರು. ನಾನು ರಿಮೋಟ್ ಒತ್ತಿದೆ. ಭಾವ ನಿಂತರು.

ಎಚ್‌ಡಿ ಎಂದರೆ ಸುಳ್ಳಲ್ಲ ಮಾರಾಯ್ರೆ. ಗ್ಲಾಸಿನ ಅಂಚಿನ ಚಾದ ಕಲೆ ಕಾಣುತ್ತಿತ್ತು. ಇಪ್ಪತ್ತೈದರ ಭಾವ, ಕೊರಳ ಎಲುಬು ಎರಡೂ ಎದ್ದು ನಿಂತಿದ್ದವು. ಕೆನ್ನೆ ಒಳಗೆ ಹೋಗಿತ್ತು. ಬಿಳಿ ಶರ್ಟಿನ ಕಾಲರು ಹರಿದದ್ದನ್ನು ಕಪ್ಪು ನೂಲಿನಲ್ಲಿ ಹೊಲಿದುಕೊಂಡಿದ್ದರು. ಹೊಲಿಗೆ ಎಣಿಸಬಹುದಿತ್ತು. ಅವರ ಕಣ್ಣು ಹೀರೊನ ಮೇಲಿರಲಿಲ್ಲ, ಯಾವುದೋ ಮೇಜಿನ ಮೇಲಿದ್ದ ಇಡ್ಲಿಯ ತಟ್ಟೆಯ ಮೇಲಿತ್ತು.

ಅಕ್ಕ ಎದ್ದು ಹೋಗಿ ಟಿ.ವಿ.ಯ ಹತ್ತಿರ ನಿಂತಳು. ಬಹಳ ಹೊತ್ತು ನಿಂತಳು.

"ಪ್ರತಿ ಕಾಗ್ದದಗೂ ಬರೀತಿದ್ರ್. ಇಲ್ಲಿ ಎಂತ ತೊಂದ್ರಿ ಇಲ್ಲೆ, ಹೊಟ್ಟಿ ತುಂಬ ಉಣ್ತೆ, ಮೈ ಬಂದಿತ್ತ್, ನೀನ್ ಕಂಡ್ರೆ ಗುರ್ತ ಹಿಡುಕಿಲ್ಲೆ ಅಂದೇಳಿ. ಕಾಣ್ ತಮ್ಮಾ, ಎಲ್ಲಿತ್ತ್ ಮೈ?"

ಆಮೇಲೆ ನನ್ನ ಕಡೆ ತಿರುಗಿದಳು.

"ಪಾಪದ ಪ್ಯಾಕ್ ತಕಂಡಿರೆ ಇದ್ ಕಾಂತಿತ್ತಾ?"

"ಇಲ್ಲ ಅಕ್ಕ. ಮಬ್ಬಾಗಿ ಇರುತ್ತಿತ್ತು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ಓದ್ದವ ಅಂದೇಳಿ ನಿನ್ ಹತ್ರ ಹೇಳ್ದೆ. ಆ ಪಾಪದ್ದನ್ನೇ ತಕಣ್ಕ್ ಅಂದೇಳಿ ನಿಂಗ್ ಗೊತ್ತಾಯ್ಲಿಲ್ಯಾ?"

ನೀವಿನ್ನೂ ನೋಡುತ್ತಿದ್ದೀರಾ?

ಸಿನಿಮಾ ಮುಂದೆ ಹೋಗಲೇ ಇಲ್ಲ. ವರ್ಷದ ಊಟ ಭಾನುವಾರ ಇತ್ತು. "ಅಲ್ಲಿವರಿಗೆ ಅವ್ರ್ ಹೀಂಗೇ ಇರ್ಲಿ. ಆ ಕೋಟಿನವ್ರಿಗಲ್ಲ, ಇವ್ರಿಗೇ ಬಡ್ಸುದ್" ಎಂದು ಅಕ್ಕ ತೀರ್ಮಾನ ಮಾಡಿದಳು. ಭಾನುವಾರ ಹನ್ನೆರಡೂಕಾಲಿಗೆ ಬಾಡಿಗೆ ಮುಗಿಯುತ್ತದೆಂದು ಆಗ ಲೆಕ್ಕ ಹಾಕಿದೆ. ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ. ಹನ್ನೊಂದು ಗಂಟೆಗೆ ಬಡಿಸಿದರಾಯಿತು, ಎಂದು ಸಮಾಧಾನ ಮಾಡಿಕೊಂಡೆ.

ಟಿ.ವಿ.ಗಳಿಗೆ ಒಂದೇ ಕಡೆ ಬಹಳ ಹೊತ್ತು ನೋಡುವ ಅಭ್ಯಾಸವಿಲ್ಲ. ಐದು ನಿಮಿಷವಾದ ಕೂಡಲೇ ಭಾವ ಹೋಗಿ ಯಾವುದೋ ದೇಶದ ಹಿಮದ ಬೆಟ್ಟ ಬರುತ್ತಿತ್ತು. ಅಕ್ಕ ಕೂಗಿದಳು: "ಹ್ವಾಯ್ ತಮ್ಮಾ, ಇವ್ರ್ ಎಲ್ಲಿಗ್ ಹ್ವಾದ್ರ್? ಚಳಿ ಅಂದ್ರೆ ಆತಿಲ್ಲೆ ಇವ್ರಿಗೆ!" ಸೆಟ್ಟಿಂಗಿಗೆ ಹೋಗಿ ಬೆಟ್ಟವನ್ನು ತೆಗೆಸಿದೆ. ಆಮೇಲೆ ಆಗಾಗ ಪರದೆಯ ಮೇಲೆ "ನೀವಿನ್ನೂ ನೋಡುತ್ತಿದ್ದೀರಾ?" ಎಂದು ಬರತೊಡಗಿತು. ಅಕ್ಕ ಪ್ರತಿ ಸಲ ಅಡುಗೆ ಮನೆಯಿಂದ ಬಂದು "ಹ್ಞೂಂ, ಕಾಂತಾ ಇದ್ದೆ" ಎಂದು ಬಾಯಲ್ಲಿ ಹೇಳಿ, ಗುಂಡಿ ಒತ್ತಿ ಹೋಗುತ್ತಿದ್ದಳು. ಎರಡು ದಿನದಲ್ಲಿ ಅವಳ ಯೋಗಕ್ಷೇಮವನ್ನು ಅಷ್ಟು ಸಲ ಕೇಳಿದವರು ಬೇರೆ ಯಾರೂ ಇರಲಿಲ್ಲ.

ಸುದ್ದಿ ತಿಳಿದು ಅಕ್ಕಪಕ್ಕದವರೂ ಬಂದರು. ಬಂದವರು ಚಪ್ಪಲಿ ಬಿಟ್ಟು, ಟಿ.ವಿ.ಯ ಮುಂದೆ ಕುಳಿತು, ದನಿ ತಗ್ಗಿಸಿ ಮಾತಾಡಿದರು. ಭಾವನ ಹೋಟೆಲಿನ ಹಳೆಯ ಗಿರಾಕಿ ಒಬ್ಬರು ಕಣ್ಣು ಕಿರಿದು ಮಾಡಿ ಟ್ರೇಯನ್ನೇ ನೋಡಿದರು. ದುಃಖ ತಡೆಯಲಾರದೆ ಅಳುತ್ತಾರೇನೋ ಎಂದುಕೊಂಡೆ.

"ಬೊಂಬಾಯಗೂ ಗ್ಲಾಸ್ ಪೂರ್ತಿ ತುಂಬ್ಸ್ತಿರ್ಲಿಲ್ಲೆ ಕಾಣಿ" ಎಂದರು ಅವರು.

ಬಾಗಿಲ ಹೊರಗೆ

ನಮ್ಮಲ್ಲಿ ತೀರಿಕೊಂಡವರಿಗೆ ವರ್ಷದ ದಿನ ಅವರಿಗೆ ಪ್ರಿಯವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ದೀಪ ಇಟ್ಟು, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಲ್ಲುವುದು ಕ್ರಮ. ಉಣ್ಣುವವರನ್ನು ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು.

ಭಾನುವಾರ ಬೆಳಿಗ್ಗೆ ಎಲ್ಲ ತಯಾರಿತ್ತು, ಬಂಗುಡೆ ಒಂದು ಬಿಟ್ಟು. ಬಂಗುಡೆ ಸಾರಿಲ್ಲದೆ ಭಾವನಿಗೆ ಎಲೆ ಹಾಕುವಂತಿಲ್ಲ. ಎಂಟಕ್ಕೆ ಬರುವ ಮೀನಿನ ಗಾಡಿ ಒಂಬತ್ತಾದರೂ ಬರಲಿಲ್ಲ, ಹತ್ತಾದರೂ ಬರಲಿಲ್ಲ. ಹಾರನ್ ಕೇಳಿಸಿದಾಗ ಹತ್ತೂಮುಕ್ಕಾಲು. ಅಕ್ಕನ ಮಗಳು "ಅಮ್ಮಾ, ಪ್ಯಾಕೆಟ್ ಮಸಾಲಿ ಹಾಕ್ವ, ಬೇಗ ಆತ್ತ್" ಎಂದಳು.

"ಎಂತಕ್ಕೆ ಅರ್ಜೆಂಟ್? ಅವ್ರ್ ಎಲ್ಲಿಗ್ ಹೋತ್ರ್? ಟ್ರೇ ಹಿಡ್ಕಂಡ್ ನಿಂತೀರಲೆ" ಎಂದು ಅಕ್ಕ ಕಾಯಿ ತುರಿಯಲು ಕುಳಿತಳು.

ಅವರು ಎಲ್ಲಿಗೆ ಹೋಗುತ್ತಾರೆಂಬುದು ಗೊತ್ತಿದ್ದವನು ನಾನೊಬ್ಬನೇ. ನಾನೂ ಬೆಳ್ಳುಳ್ಳಿ ಸುಲಿದೆ. ಜನ್ಮದಲ್ಲಿ ಮೊದಲ ಸಲ.

ಎಲೆ ಹಾಕಿದ್ದು ಟಿ.ವಿ.ಯ ಮುಂದೆಯೇ. ಅನ್ನ, ಬಂಗುಡೆ ಸಾರು, ಕೋಳಿ ಸುಕ್ಕ, ಹಪ್ಪಳ, ಮತ್ತೆ ಯಾವ ಕ್ರಮದಲ್ಲೂ ಇಲ್ಲದ ಎರಡು ಇಡ್ಲಿ. ಇಡ್ಲಿ ಎಂತಕ್ಕೆಂದು ನಾವು ಯಾರೂ ಕೇಳಲಿಲ್ಲ. ಬಾಗಿಲು ಮುಚ್ಚಿ ಹೊರಗೆ ಬಂದಾಗ ಹನ್ನೆರಡು ಗಂಟೆ ಎಂಟು ನಿಮಿಷ. ಮೂರು ನಿಮಿಷ ಬಿಟ್ಟು ತಟ್ಟಿದರೆ ಇನ್ನೂ ಭಾವ ಇರುತ್ತಾರೆ.

ಮೂರು ನಿಮಿಷವಾಯಿತು. "ಅಕ್ಕ, ತಟ್ಟಲಾ?"

"ಸುಮ್ನಿರ್ ಮಾರಾಯ. ಇಪ್ಪತ್ತ್ ವರ್ಷ ನಿಂತ್ಕಂಡ್ ಬೇರೆಯವ್ರಿಗ್ ಬಡ್ಸಿರ್. ಇವತ್ತೊಂದಿನ ಕೂಕಂಡ್ ನಿಧಾನ ಉಣ್ಲಿ."

ಹನ್ನೆರಡೂಕಾಲು ಆಯಿತು. ನಾನು ಗಡಿಯಾರ ನೋಡುವುದನ್ನು ಬಿಟ್ಟು ಅಂಗಳ ನೋಡಿದೆ. ಹನ್ನೆರಡೂವರೆಗೆ ಅಕ್ಕ ಬಾಗಿಲು ತಟ್ಟಿದಳು.

ಪರದೆಯ ಮೇಲೆ ಭಾವ ಇರಲಿಲ್ಲ. ಕಪ್ಪು ಪರದೆ, ನಡುವೆ "ಬಾಡಿಗೆ ಅವಧಿ ಮುಗಿದಿದೆ" ಎಂಬ ಸಾಲು. ನಾನು ಕಲಿತ ಗುಮಾಸ್ತಿಕೆಯನ್ನೆಲ್ಲ ಸೇರಿಸಿ ಮೂರು ಥರದ ಸಮಜಾಯಿಷಿ ತಯಾರು ಮಾಡಿಕೊಂಡಿದ್ದೆ.

ಅಕ್ಕ ಪರದೆ ನೋಡಿದಳು. ಎಲೆ ನೋಡಿದಳು. ಅವಳ ಮುಖದಲ್ಲಿ ಒಂದು ವರ್ಷದಿಂದ ಕಾಣದಿದ್ದ ನೆಮ್ಮದಿ ಬಂತು.

"ಉಂಡ್ರ್, ಹೊರ್ಟ್ರ್" ಎಂದಳು.

ನಾನು ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಪರದೆಯ ಕೆಳಗೆ "ಮತ್ತೆ ಬಾಡಿಗೆಗೆ ಪಡೆಯಿರಿ" ಎಂಬ ಗುಂಡಿ ಮಿನುಗುತ್ತಿತ್ತು. ಅರ್ಜಿಯಲ್ಲಿ ಖಾಲಿ ಜಾಗ ಕಂಡರೆ ತುಂಬದೆ ಇರಲಾರದ ಕೈ ನನ್ನದು. "ಅಕ್ಕ, ಇನ್ನೊಂದು ಸಲ ಬಾಡಿಗೆಗೆ ತರಬಹುದು. ತರಲಾ?" ಎಂದೆ.

"ಬ್ಯಾಡ, ಬ್ಯಾಡ" ಎಂದು ಅವಳು ನನ್ನ ಕೈಯಿಂದ ರಿಮೋಟ್ ಕಸಿದುಕೊಂಡಳು. "ಮತ್ ಕರ್ದ್ರೆ ಅವ್ರ್ ಟ್ರೇ ಹಿಡ್ಕಂಡೇ ಬಪ್ಪುದ್. ಒಂದಿನ ಆದ್ರೂ ರಜಿ ಮಾಡ್ಲಿ."