ಖಾನೇಸುಮಾರಿಯ ಹಿಂದೆ ಬಿದ್ದ ಸಂಶಯಪಿಶಾಚಿ

ಹಳೇ ಪುಸ್ತಕ ಹುಡುಕಿಕೊಂಡು ಹೋದವನಿಗೆ ಪುಸ್ತಕ ಸಿಗದಿದ್ದರೂ ಪಜೀತಿ ಸಿಗುವುದು ಖಂಡಿತ. ನಾನು ನಿವೃತ್ತ ಗಣಿತ ಮಾಷ್ಟ್ರು. ಜನ, ಮನೆ, ದನ ಎಣಿಸಿ ಬರೆದ ಹಳೇ ಪುಸ್ತಕಗಳ ಮೊದಲ ಮುದ್ರಣ ಕೂಡಿಡುವುದು ನನ್ನ ಹುಚ್ಚು. ಹತ್ತು ವರ್ಷದಿಂದ ಬೇಕಾಗಿದ್ದು ಒಂದೇ: ನಮ್ಮ ಸೀಮೆಯ ಖಾನೇಸುಮಾರಿ, ಅಂದರೆ ಆ ಕಾಲದ ಜನಗಣತಿ. ಅದೂ ಮೊದಲ ಪುಟದ ಮೇಲೆ ಒಂದು ಗೀಟೂ ಇಲ್ಲದ ಪ್ರತಿ. ಜೊತೆಗೆ ನಾನು ಹುಟ್ಟಾ ಸಂಶಯಪಿಶಾಚಿ. ಹೆಂಡತಿ ಕೊಟ್ಟ ಚಹಾವನ್ನೂ ಮೂಸಿಯೇ ಕುಡಿಯುವವ.

ಮೊದಲ್ನೇದ್ ಎಂತಕೆ?

ಕುಂದಾಪುರದ ಗುಜರಿ ಅಂಗಡಿಯವರು ಒಂದು ಪುಸ್ತಕ ತೋರಿಸಿದರು. ಭೂತಗನ್ನಡಿ ಹಿಡಿದು ನೋಡಿದೆ. ಎರಡನೇ ಮುದ್ರಣ!

"ಎಂತ, ನಂಗೇ ಟೋಪಿಯಾ?" ಎಂದು ರೇಗಿದೆ.

"ಮೊದಲ್ನೇದ್ರಂಗೆ ತಪ್ಪ್ ಇರತ್ತ್ ಮಾಷ್ಟ್ರೆ, ಎರಡ್ನೇದ್ರಂಗೆ ತಿದ್ದಿರ್ತ್ರ್. ಶಾಲಿಯಂಗೂ ತಪ್ಪಿದ್ ಪುಸ್ತಕವೇ ಹುಡ್ಕಿ ಪಾಠ ಮಾಡ್ದದ್ದಾ?"

ಸುಮಾರಿನ ಮಾರಿ

ಹಟ್ಟಿಯಂಗಡಿಯ ಒಂದು ಮನೆ. ಜಗಲಿಯಲ್ಲಿ ಅಜ್ಜಿಯೊಬ್ಬರು ಕೂತಿದ್ದರು, ಕಿವಿ ಸ್ವಲ್ಪ ಮಂದ.

"ಅಮ್ಮ, ನಿಮ್ಮನಿಯಂಗೆ ಖಾನೇಸುಮಾರಿ ಇತ್ತಂಬ್ರ್, ಹೌದಾ?" ಎಂದೆ.

ಅಜ್ಜಿ ದಡಕ್ಕನೆ ಎದ್ದರು. "ಎಂತ, ಮಾರಿಯಾ? ನಮ್ಮನಿಯಂಗಾ?"

"ಮಾರಿ ಅಲ್ಲ ಅಮ್ಮ, ಸುಮಾರಿ! ಸುಮಾರಿ!" ಎಂದು ಕೂಗಿದೆ.

"ಸುಮಾರಿಂದ್ ಆದ್ರೂ ಮಾರಿ ಮಾರಿಯೇ! ಮೊದ್ಲ್ ಗೇಟ್ ದಾಟಿ!"

ಎಂತ ಗುರ್ತ್?

ಕಡೆಗೂ ಬಿಜೂರಿನ ಒಂದು ಮನೆಯಲ್ಲಿ ಅದು ಇದೆ ಎಂದು ಗೊತ್ತಾಯಿತು. ಅಲ್ಲಿನ ಯಜಮಾನರೂ ಕಡಿಮೆಯವರಲ್ಲ. "ತೆಂಗಿನಮರ ಎಣಿಸುಕ್ ಬಂದ್ ಸರ್ಕಾರದವ್ರಾ?" ಎಂದು ನನ್ನ ಆಧಾರ್ ನೋಡಿಯೇ ಕೂರಿಸಿದರು. ಆಮೇಲೆ ಕಪಾಟಿನಿಂದ ಪುಸ್ತಕ ತಂದು ಕೈಗಿಟ್ಟರು. ಮೊದಲ ಮುದ್ರಣ! ಮೊದಲ ಪುಟದಲ್ಲಿ ಒಂದು ಚುಕ್ಕೆಯೂ ಇಲ್ಲ.

"ನಮ್ಗೆ ಎಂತಕೆ, ನೀವೇ ತಕಣಿ," ಎಂದರು.

ಇಷ್ಟು ಸುಲಭವಾ? ಪುಕ್ಕಟೆಯಾ? ಎಲ್ಲೋ ಲೈಬ್ರರಿಯಿಂದ ಎತ್ತಿದ ಮಾಲು ಇರಬೇಕು ಅಂತ ತಲೆಯೊಳಗೆ ಹುಳ ಹೊಕ್ಕಿತು. ಸುಮ್ಮನೆ ಎದ್ದು ಬರಬಹುದಿತ್ತು. ನನ್ನ ಹಾಳು ಬಾಯಿ ಕೇಳಬೇಕಲ್ಲ!

"ಇದ್ ನಿಮ್ದೇ ಅಂಬುಕ್ ಎಂತ ಗುರ್ತ್?"

ಯಜಮಾನರ ಮುಖ ಕೆಂಪಾಯಿತು. "ಗುರ್ತ್ ಬೇಕಾ? ನಿಲ್ಲಿ, ಬತ್ತೆ," ಎಂದು ಪುಸ್ತಕ ಕಿತ್ತುಕೊಂಡು ಒಳಗೆ ಹೋದರು. ಯಾವುದೋ ಹಳೇ ಕಾಗದಪತ್ರ ತರುತ್ತಾರೆ ಅಂದುಕೊಂಡೆ.

ಐದು ನಿಮಿಷ ಬಿಟ್ಟು ಬಂದು ಮೊದಲ ಪುಟ ತೆರೆದು ಮುಖದೆದುರು ಹಿಡಿದರು. ಪುಟದ ತುಂಬ ಅಡ್ಡಕ್ಕೆ, ಕಪ್ಪು ಮಾರ್ಕರಿನಲ್ಲಿ, ಅವರ ಹೆಸರು, ಮನೆ ಹೆಸರು, ಮೊಬೈಲ್ ನಂಬರು. ಶಾಯಿ ಇನ್ನೂ ಹಸಿ. ಅದರ ಮೇಲೆ ಉಫ್ ಉಫ್ ಎಂದು ಊದುತ್ತಾ ಕೇಳಿದರು:

"ಹ್ವಾಯ್ ಮಾಷ್ಟ್ರೆ, ಈಗ ಡೌಟ್ ಹೋಯ್ತಾ?"