ಅಣ್ಣಯ್ಯನ ಪಂಪು, ಅಣ್ಣಯ್ಯನ ಕೆಮ್ಮು

ಬೆಳಿಗ್ಗೆ ಅಂಗಳ ಗುಡಿಸಿದೆ, ದೋಸೆ ಎರೆದೆ, ಹೂವಿನ ಗಿಡಕ್ಕೆ ನೀರು ಬಿಟ್ಟೆ, ಅಣ್ಣಯ್ಯನನ್ನು ತೂಗಿದೆ. ಹೌದು, ತೂಗಿದೆ! ತೆಂಗಿನಕಾಯಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ, ಕಿಲೋ ನೋಡಿ, ಕ್ಯಾಲೆಂಡರಿನಲ್ಲಿ ಬರೆದೆ. ಮೈಯಲ್ಲಿ ನೀರು ನಿಂತರೆ ತೂಕವೇ ಮೊದಲು ಹೇಳುತ್ತದಂತೆ.

ಹೆಮ್ಮಾಡಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ನನ್ನ ಅಣ್ಣಯ್ಯನಷ್ಟು ಸಂಶಯದ ಪ್ರಾಣಿ ಭೂಮಿಯ ಮೇಲೆ ಇನ್ನೊಂದಿಲ್ಲ. ಬಿಚ್ಚಿ ನೋಡದೆ ಯಾವುದನ್ನೂ ನಂಬುವವನಲ್ಲ. ಮದುವೆ ಯಾಕಾಗಲಿಲ್ಲ ಎಂದು ಬೇರೆ ಹೇಳಬೇಕೆ?

ಕಳೆದ ಮಳೆಗಾಲದಲ್ಲಿ ಹೃದಯ ಸೋತು, ಕಾಲು ಊದಿ, ಏದುಸಿರು ಬಂದಾಗ ಕುಂದಾಪುರದ ಡಾಕ್ಟರು ಒಂದು ಪುಟ್ಟ ಮಾತ್ರೆ ಕೊಟ್ಟರು. ಇದು ಒಳಗೆ ಹೋಗಿ ಎಂತ ಮಾಡುತ್ತದೆಂದು ಹೇಳದೆ ನುಂಗುವುದಿಲ್ಲ ಎಂದು ಅಣ್ಣಯ್ಯ ಕೂತ. ಡಾಕ್ಟರು ತಾಳ್ಮೆಯವರು. ಹೃದಯವೆಂಬ ಪಂಪು ಸೋತರೆ ಮೂತ್ರಪಿಂಡಕ್ಕೆ ರಕ್ತ ಕಮ್ಮಿ; ಅದು ಮೈಯಲ್ಲಿ ನೀರೇ ಇಲ್ಲವೆಂದು ತಪ್ಪು ತಿಳಿದು, ರಕ್ತನಾಳ ಬಿಗಿ ಮಾಡಿ, ಉಪ್ಪು, ನೀರು ಎರಡನ್ನೂ ಹಿಡಿದಿಡಿ ಎಂದು ಹುಕುಂ ಹೊರಡಿಸುತ್ತದೆ; ಸೋತ ಪಂಪಿಗೆ ಇನ್ನಷ್ಟು ಭಾರ. ಮಾತ್ರೆ ಆ ಹುಕುಂ ತಯಾರಾಗುವುದನ್ನೇ ತಡೆಯುತ್ತದೆ ಎಂದರು.

"ಅಂದ್ರೆ ಪಂಪಿಗೆ ಕೈ ಹಾಕುದಲ್ಲ, ಪೈಪ್ ಸಡ್ಲ ಮಾಡುದ್," ಎಂದ ಅಣ್ಣಯ್ಯ. ಅಂದಿನಿಂದ ಮೋಟಾರು ಹೊತ್ತು ತಂದ ಗಿರಾಕಿಗಳಿಗೆಲ್ಲ ಮೊದಲು ಈ ಪಾಠ, ಆಮೇಲೆ ರಿಪೇರಿ!

ಕಾಲಿನ ಬಾವು ಇಳಿಯಿತು, ಒಣ ಕೆಮ್ಮು ಹತ್ತಿಕೊಂಡಿತು. ಶುಂಠಿ, ಕಾಳುಮೆಣಸು, ಜೇನು ಎಂದು ಒಂದು ತಿಂಗಳು ಕಷಾಯ ಕುದಿಸಿದೆ. ಕೊನೆಗೆ ಕೆಮ್ಮು ನಿಂತಾಗ ನನ್ನ ಕಷಾಯದ ಮಹಿಮೆಯನ್ನು ನೆರೆಮನೆಗಳಿಗೂ ಸಾರಿ ಬಂದೆ. ಮೂರೇ ದಿನ! ತೂಕ ಏರಿತು, ಚಪ್ಪಲಿ ಕಾಲಿಗೆ ಹೋಗಲಿಲ್ಲ, ಮಲಗಿದರೆ ಉಸಿರಿಲ್ಲ. ಆಸ್ಪತ್ರೆಗೆ ಹೊರಡುವ ಮೊದಲು ಅಂಗಡಿಗೆ ಬೀಗ ಹಾಕೋಣವೆಂದು ನಟ್ಟು-ಬೋಲ್ಟಿನ ಡಬ್ಬದಲ್ಲಿ ಕೀ ಹುಡುಕಿದರೆ, ಅಲ್ಲಿ ನುಂಗದೆ ಬಿಟ್ಟ ಹದಿನೈದು ಮಾತ್ರೆ. ಒಂದೊಂದೇ ಪಾರ್ಟ್ ತೆಗೆದು ದೋಷ ಎಲ್ಲಿದೆಯೆಂದು ನೋಡುವುದು ಅವನ ರಿಪೇರಿ ಕ್ರಮ. ಮಾತ್ರೆಯನ್ನೂ ಹಾಗೇ ತೆಗೆದು ನೋಡಿದ್ದ!

ಡಾಕ್ಟರು, ಕೆಮ್ಮು ಮಾತ್ರೆಯದ್ದೇ ಹೌದು, ದೋಷ ಸರಿಯಾಗಿಯೇ ಹಿಡಿದಿದ್ದೀರಿ ಎಂದರು. ಆದರೆ ನನಗೊಂದು ಮಾತು ಹೇಳದೆ ಮಾತ್ರೆ ಬಿಟ್ಟು ಜೀವಕ್ಕೇ ಕುತ್ತು ತಂದುಕೊಂಡಿರಿ ಎಂದು ಗದರಿದರು. ನಾಲ್ಕು ದಿನ ಇರಿಸಿಕೊಂಡು, ಕೆಮ್ಮು ತರಿಸದ ಬೇರೆ ಮಾತ್ರೆ ಬರೆದು ಕಳಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನೂ ಬೈದೆ. ಕೆಮ್ಮು ತಡೆಯಲಾಗದಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ ಎಂದೆ. ಅಣ್ಣಯ್ಯ ಕಿಟಕಿಯಾಚೆ ನೋಡುತ್ತ ಹೇಳಿದ: "ನಂಗೆಂತ ಹೆಣ್ಣೇ, ಕೆಮ್ಕಂಡ್ ಇರ್ತಿದ್ದೆ. ನಿಂಗೆ ನಿದ್ರಿ ಇರ್ಲಿಲ್ಲ, ಅಲ್ದಾ?"



ಮೊನ್ನೆ ಮತ್ತೆ ತೋರಿಸಿ ಬಂದೆವು, ಎಲ್ಲ ಸರಿಯಿದೆಯಂತೆ. ಇವತ್ತು ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಉಪ್ಪು ಕಮ್ಮಿ ಹಾಕಿದ ಹುರುಳಿ ಚಟ್ನಿ. ಉಂಡು ಇಬ್ಬರೂ ಚಾವಡಿಯಲ್ಲಿ ಚಾಪೆ ಹಾಸಿ ಅಡ್ಡಾದೆವು. ಅವನ ಉಸಿರು ಹೇಗಿದೆಯೆಂದು ಕಿವಿಗೊಟ್ಟು ಕೇಳಬೇಕೆಂದಿದ್ದೆ. ಮೊದಲು ನಿದ್ದೆ ಹೋದವಳು ನಾನೇ.